ಪೂರ್ವಿಕರ ಹೆಸರುಗಳನ್ನು ಹಳೆಯ ದಾಖಲೆಗಳಲ್ಲಿ ಹುಡುಕುವ ಕ್ರಮ



ಬಾಬೆಲಿನ ಸೆರೆಯಿಂದ ಹಿಂದಿರುಗಿದವರಲ್ಲಿ ಕೆಲವು ಮನೆತನದವರು ತಮ್ಮ ವಂಶಾವಳಿಯ ಪಟ್ಟಿಯನ್ನು ಹುಡುಕಿದರೂ ಅದು ಸಿಕ್ಕದೆ ಹೋದದರಿಂದ ಯಾಜಕೋದ್ಯೋಗವನ್ನು ಕಳಕೊಂಡರೆಂದು ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಪಟ್ಟಿಯಲ್ಲಿ ಒಂದು ಹೆಸರು ಇರುವದೂ ಇಲ್ಲದಿರುವದೂ ಸಣ್ಣ ಸಂಗತಿಯಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮ್ಮ ಮನೆಗಳಲ್ಲಿ ಅಜ್ಜನ ಹೆಸರನ್ನು ಬಲ್ಲವರುಂಟು. ಅಜ್ಜನ ತಂದೆಯ ಹೆಸರನ್ನು ಕೇಳಿದರೆ ಸುಮ್ಮನಾಗುವವರೇ ಹೆಚ್ಚು. ಯಾಕಂದರೆ ದೀಕ್ಷಾಸ್ನಾನದ ದಿನ ಮಾರನು ಯೋಹಾನನಾದನು, ಕೆಂಪಿಯು ಮರಿಯಳಾದಳು; ನೆಂಟರಾದರೋ ಹಳೆಯ ಹೆಸರುಗಳಲ್ಲಿಯೇ ಉಳಿದರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಒಂದೇ ಒಕ್ಕಲಿನ ಮಕ್ಕಳು ಒಬ್ಬರಿಗೊಬ್ಬರು ಅಪರಿಚಿತರಾದರು. ಕಡಿದುಹೋದ ಈ ಎಳೆಯನ್ನು ತಿರಿಗಿ ಹಿಡಿಯುವ ಕ್ರಮವನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಮೊದಲು ಮನೆಯಲ್ಲಿ ವಿಚಾರಿಸಬೇಕು. ಮುದುಕರು ಇಸವಿಯನ್ನು ಹೇಳಲಾರರು, ಸಂವತ್ಸರವನ್ನು ಹೇಳುವರು. ಅರುವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವವು 1867, 1927, 1987ನೆಯ ಇಸವಿಗಳ ಯುಗಾದಿಯಲ್ಲಿ ಆರಂಭವಾಯಿತು. ಅಲ್ಲಿಂದ ಎಣಿಸಿದರೆ ಹತ್ತನೆಯದಾದ ಧಾತುವು 1876ಕ್ಕೆ, ಹನ್ನೊಂದನೆಯದಾದ ಈಶ್ವರವು 1877ಕ್ಕೆ ಬರುವದು. ಹೀಗೆ “ಧಾತು ಈಶ್ವರದ ಬರದಲ್ಲಿ ನಮ್ಮವರು ಊರು ಬಿಟ್ಟರು” ಎಂಬ ಮಾತು 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನೇ ಸೂಚಿಸುತ್ತದೆ. 1871ರ ಖಾನೇಶುಮಾರಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ತಂದೆತಾಯಿಗಳನ್ನು ಕಳಕೊಂಡು ಮಿಶನಿನವರ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳುಂಟು. ಅಂಥವರ ಸಂತತಿಯವರು ಹಳ್ಳಿಯ ಪುಸ್ತಕವನ್ನಲ್ಲ, ಅನಾಥಾಲಯದ ಪುಸ್ತಕವನ್ನು ಮೊದಲು ವಿಚಾರಿಸತಕ್ಕದ್ದು.

2. ಊರಿನ ಹಳೆಯ ಹೆಸರನ್ನು ತಿಳಿದಿರಬೇಕು. ಈಗಿನ ರಾಮನಗರವು ಹಳೆಯ ಕಾಗದಗಳಲ್ಲಿ ಕ್ಲೋಸ್‌ಪೇಟೆ ಎಂದು ಕಾಣುವದು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರಿಂದ ಅದಕ್ಕೆ ಆ ಹೆಸರು ಬಂತು. ಕನಕಪುರವು ಕಾನಕಾನಹಳ್ಳಿಯಾಗಿತ್ತು. ಈ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಗೂ, 1986ರಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ, 2007ರಿಂದ ರಾಮನಗರ ಜಿಲ್ಲೆಗೂ ಸೇರಿದ್ದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಆದದರಿಂದ ನೂರು ವರುಷದ ಹಿಂದಣ ಕಾಗದವನ್ನು ಬೆಂಗಳೂರಿನ ಹೆಸರಿನಲ್ಲಿ ಹುಡುಕತಕ್ಕದ್ದು.

3. ಸಭೆಯ ಪುಸ್ತಕಗಳು ಮೂರು. ದೀಕ್ಷಾಸ್ನಾನದ ಪುಸ್ತಕದಲ್ಲಿ ಹೊಸ ಹೆಸರಿನ ಸಂಗಡ ಪೂರ್ವದ ಹೆಸರು, ತಂದೆತಾಯಿಗಳು, ಊರು ಇವುಗಳನ್ನು ಬರೆದಿದ್ದರೆ ಅದೇ ಎರಡು ಕಾಲಗಳನ್ನು ಜೋಡಿಸುವ ಸೇತುವೆ. ವಿವಾಹದ ಪುಸ್ತಕವನ್ನು 1872ನೆಯ ಇಸವಿಯ ಕ್ರೈಸ್ತ ವಿವಾಹ ಕಾಯಿದೆಯ ನಮೂನೆಯಲ್ಲಿ ಇಟ್ಟಿದ್ದರೆ ವಧೂವರರ ವಯಸ್ಸು, ಉದ್ಯೋಗ, ವಾಸಸ್ಥಳ, ತಂದೆಯ ಹೆಸರು ಸಿಕ್ಕುವವು. ಸಾಕ್ಷಿಗಳ ರುಜುಗಳನ್ನೂ ಬಿಡದೆ ಓದಿರಿ. ಸಾಕ್ಷಿ ಹಾಕಿದವನು ಅನೇಕ ವೇಳೆ ಸೋದರಮಾವನೋ ಚಿಕ್ಕಪ್ಪನೋ ಆಗಿರುವನು. ಭೂಸ್ಥಾಪನೆಯ ಪುಸ್ತಕದಲ್ಲಿರುವ ವಯಸ್ಸಿನಿಂದ ಹುಟ್ಟಿದ ವರುಷವನ್ನು ಲೆಕ್ಕ ಹಾಕಬಹುದು.

1947ನೆಯ ಸೆಪ್ಟೆಂಬರ್ 27ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪನೆಯಾದಾಗ ಲಂಡನ್ ಮಿಶನಿನ ಸಭೆಗಳೂ ಮೆಥೊಡಿಸ್ಟರ ಸಭೆಗಳೂ ಅದರಲ್ಲಿ ಕೂಡಿಕೊಂಡವು. ಆದಕಾರಣ ಮೊದಲು ನಿಮ್ಮ ಸಭಾಪಾಲಕರನ್ನೂ ಅನಂತರ ಡಯಾಸಿಸಿನ ಕಚೇರಿಯನ್ನೂ ಕೇಳಿರಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆಗಳ ಭಂಡಾರದಲ್ಲಿ ಮಿಶನುಗಳ ಹಳೆಯ ಕಾಗದಗಳಿವೆ. ಆ ಎರಡು ಮಿಶನುಗಳ ಪತ್ರಗಳೂ ವರದಿಗಳೂ ಲಂಡನಿನ ಸೋಆಸ್ ವಿದ್ಯಾಲಯದಲ್ಲಿ ಇಡಲ್ಪಟ್ಟಿವೆ. ಅವುಗಳಿಂದ ಒಂದು ಹಳ್ಳಿಯಲ್ಲಿ ಸಭೆಯು ಹುಟ್ಟಿದ ವೃತ್ತಾಂತವು ತಿಳಿಯಬಹುದೇ ಹೊರತು ಪ್ರತಿಯೊಬ್ಬನ ಹೆಸರೂ ಸಿಕ್ಕಲಾರದು.

4. ಸರಕಾರದ ದಾಖಲೆಗಳು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರೂ ಜನನದ ತಾರೀಖೂ ಇರುವವು. ಜನನ ಮರಣದ ಹಳೆಯ ಪುಸ್ತಕಗಳಿಗಾಗಿ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕು. ನಿಮ್ಮ ಹಿರಿಯರು ತೋಟಿ, ತಳವಾರ, ನೀರಗಂಟಿ ಕೆಲಸದಲ್ಲಿದ್ದರೆ ಆ ಕೆಲಸಕ್ಕೆ ಬಿಟ್ಟಿದ್ದ ಇನಾಮು ಜಮೀನಿನ ಲೆಕ್ಕದಲ್ಲಿ ಅವರ ಹೆಸರು ಇರಬಹುದು. ಇಂಥ ವಂಶಪಾರಂಪರ್ಯದ ಕೆಲಸಗಳನ್ನು 1961ನೆಯ ಇಸವಿಯ ಕಾಯಿದೆಯು ತೆಗೆದುಹಾಕಿತು. ಆ ಜಮೀನುಗಳನ್ನು ಹಿಡಿದಿದ್ದವರಿಗೆ ತಿರಿಗಿ ಮಂಜೂರು ಮಾಡಿದ ಕಾಗದಗಳನ್ನೂ ವಿಚಾರಿಸಿರಿ. ಅಚ್ಚಾದ ಖಾನೇಶುಮಾರಿಯ ಪುಸ್ತಕಗಳಲ್ಲಿ ತಲೆಗಳ ಎಣಿಕೆಯುಂಟು, ಹೆಸರುಗಳಿಲ್ಲ. ಅದಕ್ಕಾಗಿ ದುಡ್ಡನ್ನೂ ದಿನವನ್ನೂ ವ್ಯರ್ಥಮಾಡಬೇಡಿರಿ.

5. ಎಚ್ಚರಿಕೆಯ ಮಾತುಗಳು. ಇದ್ದದ್ದನ್ನು ಇದ್ದ ಹಾಗೆಯೇ ನಕಲು ಮಾಡಿರಿ. ಪುಸ್ತಕದ ಹೆಸರು, ಪುಟ, ತಾರೀಖುಗಳನ್ನು ಕೂಡಾ ಬರೆದಿಡಿರಿ. ಮೂವತ್ತು, ನಲವತ್ತು, ಐವತ್ತು ಎಂಬ ತುಂಬು ವಯಸ್ಸುಗಳು ಅಂದಾಜಿನವೆಂದು ತಿಳಿಯಿರಿ. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯನು ಒಬ್ಬನೇ ಅಲ್ಲ. ಊರಾಗಲಿ ತಂದೆಯ ಹೆಸರಾಗಲಿ ಕೂಡಿ ಬರಬೇಕು. ಪೂರ್ವದ ಜಾತಿಯನ್ನು ಬರೆದಿರುವದನ್ನು ಕಂಡು ನಾಚಿಕೆಪಟ್ಟು ಅಳಿಸುವದು ಬಹು ದೊಡ್ಡ ಅನ್ಯಾಯ. ಆ ಒಂದು ಮಾತಿನಿಂದಲೇ ಅಗಲಿದ ನೆಂಟರು ಸಿಕ್ಕುವರು. ನಮ್ಮ ಹಿರಿಯರು ಎಷ್ಟು ಭಾರವನ್ನು ಹೊತ್ತು ನಡೆದು ಬಂದರೆಂಬದಕ್ಕೆ ಅದೇ ಸಾಕ್ಷಿ.

ಗೆದ್ದಲು ಯಾರಿಗೂ ಕಾಯುವದಿಲ್ಲ. ಮುದುಕರ ಆಯುಷ್ಯವೂ ಕಾಯುವದಿಲ್ಲ. ಪ್ರತಿಸಭೆಯಲ್ಲಿಯೂ ಓದುಬಲ್ಲ ಇಬ್ಬರು ಯೌವನಸ್ಥರು ಸಭಾಪಾಲಕರ ಅಪ್ಪಣೆ ಪಡೆದು ಹಳೆಯ ಪುಸ್ತಕಗಳ ಪುಟಗಳಿಗೆ ಚಿತ್ರಪ್ರತಿ ತೆಗೆದಿಟ್ಟರೆ ಬರುವ ಸಂತತಿಯವರು ಅವರನ್ನು ಹರಸುವರು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ನಿಮ್ಮ ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದವರು ಯಾರು? ಅವರ ಪೂರ್ವದ ಹೆಸರೇನು?
2. ನಿಮ್ಮ ಸಭೆಯ ಅತಿ ಹಳೆಯ ಪುಸ್ತಕವು ಯಾವ ಇಸವಿಯದು? ಈಗ ಎಲ್ಲಿದೆ?
3. ಪ್ರಭವದಿಂದ ನಲವತ್ತನೆಯದಾದ ಪರಾಭವ ಸಂವತ್ಸರದಲ್ಲಿ ಹುಟ್ಟಿದ ಅಜ್ಜಿಯು ಯಾವ ಇಸವಿಯಲ್ಲಿ ಹುಟ್ಟಿರಬಹುದು? 1906 ಮತ್ತು 1966 ಇವೆರಡರಲ್ಲಿ ಯಾವದೆಂದು ಹೇಗೆ ನಿರ್ಣಯಿಸುವಿರಿ?