ಫಿಲ್ಮ್ ಜೊತೆ ಪೇಂಟ್ ಕೂಡ ಯಾಕೆ ಕಿತ್ತು ಬಂತು?

ಕಳೆದ ಸೆಮಿಸ್ಟರ್ ರಜೆಯಲ್ಲಿ ಹಾಸನಕ್ಕೆ ಹೋಗಿದ್ದಾಗ ನಾನು ಮಾಡಿದ ಒಂದು ಘನಕಾರ್ಯದ ಫಲ ಈ ಲೇಖನ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಅಪ್ಪ ಕೆಲಸದ ಮೇಲೆ ವಾರಕ್ಕೆ ಎರಡು ಸಲ ಬೆಂಗಳೂರಿಗೆ ಓಡಾಡ್ತಾರೆ. ದಾರಿಯಲ್ಲಿ ಜಲ್ಲಿ ಲಾರಿಗಳು ಜಾಸ್ತಿ. ಕಲ್ಲು ಹಾರಿ ಪೇಂಟ್ ಹಾಳಾಗುತ್ತೆ ಅಂತ ಎರಡು ವರ್ಷದ ಹಿಂದೆ ಬಾನೆಟ್ ಮುಂಭಾಗಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿದ್ರು. ಈಗ ಅದು ಹಳೇ ನ್ಯೂಸ್‌ಪೇಪರ್ ಥರ ಹಳದಿಯಾಗಿತ್ತು. "ಅಂಗಡಿಗ್ಯಾಕೆ ದುಡ್ಡು, ನಾನೇ ತೆಗೀತೀನಿ ಅಪ್ಪ" ಅಂದೆ. ಬೆಳಗ್ಗೆ ಏಳು ಗಂಟೆ, ಬಾನೆಟ್ ತಣ್ಣಗಿತ್ತು. ಉಗುರಿನಲ್ಲಿ ಅಂಚು ಎಬ್ಬಿಸಿ ಮೇಲಕ್ಕೆ ಸರ್ರಂತ ಎಳೆದೆ. ಫಿಲ್ಮ್ ಬಂತು. ಅದರ ಜೊತೆ ಅಂಗೈ ಅಗಲದ ಪೇಂಟೂ ಬಂತು. ಕೆಳಗೆ ಬೂದು ಬಣ್ಣದ ಪ್ರೈಮರ್, ಒಂದು ಕಡೆ ಬರೀ ತಗಡು.

ಅಪ್ಪ ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ್ರು. "ಎರಡು ವರ್ಷದಲ್ಲಿ ಕಲ್ಲಿನ ಕೈಲಿ ಆಗದೇ ಇದ್ದಿದ್ದನ್ನ ಎರಡು ನಿಮಿಷದಲ್ಲಿ ಮಾಡಿಬಿಟ್ಯಲ್ಲೋ ಇಂಜಿನಿಯರ್" ಅಂದ್ರು. ಬೈದಿದ್ರೇ ವಾಸಿಯಿತ್ತು.

ಆಮೇಲೆ ಕೂತು ಓದಿ, ಪೇಂಟರ್ ಹತ್ರ ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ. ನಿಮ್ಮ ಮನೇಲಿ ಕಾರೋ ಬೈಕೋ ಇದ್ದೇ ಇರುತ್ತೆ, ಉಪಯೋಗಕ್ಕೆ ಬರಬಹುದು.

ಕಲ್ಲಿನ ಲೆಕ್ಕ

ಮುಂದಿನ ವಾಹನದ ಟೈರಿನಿಂದ ಎದ್ದ ಕಲ್ಲು ತಾನೇ ವೇಗವಾಗಿ ಬಂದು ಹೊಡೆಯುತ್ತೆ ಅಂದ್ಕೊಂಡಿದ್ದೆ. ಬಹಳಷ್ಟು ಸಲ ವೇಗ ನಮ್ಮದೇ, ನಾವೇ ಹೋಗಿ ಕಲ್ಲಿಗೆ ಗುದ್ದೋದು. ಅದಕ್ಕೇ ಏಟು ಬೀಳೋದು ಮುಂಭಾಗಕ್ಕೆ: ಬಂಪರ್, ಬಾನೆಟ್ಟಿನ ಮೂತಿ, ಮುಂದಿನ ಫೆಂಡರ್, ಕನ್ನಡಿಗಳ ಹಿಂಬದಿ.

ಗಾಳಿಯಲ್ಲಿ ಹೆಚ್ಚುಕಮ್ಮಿ ನಿಂತಂತಿರುವ 1 ಗ್ರಾಂ ಕಲ್ಲಿಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಗುದ್ದಿದ್ರೆ ಶಕ್ತಿ ಸುಮಾರು 0.39 ಜೌಲ್. 100 ಗ್ರಾಂ ತೂಕವನ್ನ 40 ಸೆಂ.ಮೀ. ಎತ್ತರದಿಂದ ಬಿಟ್ಟಷ್ಟು. ಕಮ್ಮಿ ಅನ್ಸುತ್ತೆ, ಆದ್ರೆ ಅದು ಪೂರ್ತಿ ಬೀಳೋದು ಕಲ್ಲಿನ ಒಂದು ಚೂಪು ಮೂಲೆಯ ಮೇಲೆ. ವೇಗ 50ಕ್ಕೆ ಇಳಿದ್ರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ, ಯಾಕಂದ್ರೆ ಅದು ವೇಗದ ವರ್ಗಕ್ಕೆ ಅನುಗುಣ. ಹಾಗಾಗಿ ಜಲ್ಲಿ ಲಾರಿ ಕಂಡ್ರೆ ನಿಧಾನ ಮಾಡಿ ದೂರ ಉಳಿಯೋದೇ ಎಲ್ಲಕ್ಕಿಂತ ಅಗ್ಗದ ರಕ್ಷಣೆ.

ಕಾರ್ಖಾನೆಯಲ್ಲಿ ಹಾಕಿದ ಪೇಂಟ್ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನಮ್ಮ ತಲೆಕೂದಲು ಹೆಚ್ಚುಕಮ್ಮಿ 70 ಮೈಕ್ರಾನ್. ಅಂದ್ರೆ ಎರಡು ಕೂದಲಿನಷ್ಟು ದಪ್ಪದೊಳಗೆ ತುಕ್ಕು ತಡೆಯೋ ತಳದ ಪದರ, ಪ್ರೈಮರ್, ಬಣ್ಣ, ಮೇಲೆ ಹೊಳಪಿನ ಕ್ಲಿಯರ್ ಕೋಟ್, ಎಲ್ಲಾ ಇದೆ. ಕ್ಲಿಯರ್ ಕೋಟ್ ಗಟ್ಟಿ, ಅದರ ಕೆಳಗಿನ ಉಕ್ಕು ಇನ್ನೂ ಗಟ್ಟಿ. ನಡುವೆ ಬಗ್ಗೋಕೆ ಜಾಗ ಇಲ್ಲ, ಚಕ್ಕೆ ಏಳುತ್ತೆ. ಬಂಪರ್ ಪ್ಲಾಸ್ಟಿಕ್ ಆದ್ರೆ ಚಕ್ಕೆ ಎದ್ರೂ ತುಕ್ಕು ಹಿಡಿಯಲ್ಲ. ಬಾನೆಟ್ ಉಕ್ಕಿನದಾದ್ರೆ ಹಿಡಿಯುತ್ತೆ. ಮಂಗಳೂರು, ಉಡುಪಿ, ಕಾರವಾರ ಕಡೆಯ ಉಪ್ಪು ಗಾಳಿಯಲ್ಲಿ ಇನ್ನೂ ಬೇಗ.

ಫಿಲ್ಮ್ ಏನು ಮಾಡುತ್ತೆ?

ಇದಕ್ಕೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಚಿಕ್ಕದಾಗಿ ಪಿಪಿಎಫ್ ಅಂತಾರೆ. ಇದರ ಮೂಲ ಕಾರಲ್ಲ, ಹೆಲಿಕಾಪ್ಟರ್. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಹೆಲಿಕಾಪ್ಟರ್ ರೆಕ್ಕೆಗಳ ಮುಂಚೂಣಿ ಅಂಚು ಮರಳಿನಿಂದ ಸವೆದು ಹೋಗ್ತಿತ್ತು. ಅದನ್ನ ಕಾಪಾಡೋಕೆ 3ಎಂ ಕಂಪನಿ ಪಾಲಿಯುರೆಥೇನ್ ಟೇಪ್ ತಯಾರಿಸಿತು. ಅದೇ ಯೋಚನೆ ಆಮೇಲೆ ಕಾರಿಗೆ ಬಂತು.

ಈಗಿನ ಒಳ್ಳೆ ಫಿಲ್ಮ್ ಸುಮಾರು 150ರಿಂದ 200 ಮೈಕ್ರಾನ್ ದಪ್ಪ, ಅಂದ್ರೆ ಪೇಂಟಿಗಿಂತ ದಪ್ಪ. ಕೆಳಗೆ ಅಕ್ರಿಲಿಕ್ ಅಂಟು, ನಡುವೆ ಟಿಪಿಯು ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್, ಮೇಲೆ ತೆಳುವಾದ ಟಾಪ್ ಕೋಟ್. ಕಲ್ಲು ಬಿದ್ದಾಗ ಟಿಪಿಯು ಒತ್ತಿಕೊಂಡು, ಹಿಗ್ಗಿ ವಾಪಸ್ ಬರುತ್ತೆ. ಕಲ್ಲು ನಿಲ್ಲೋಕೆ ಸ್ವಲ್ಪ ಜಾಸ್ತಿ ಸಮಯ ಸಿಗೋದ್ರಿಂದ ಬಲ ಕಮ್ಮಿಯಾಗುತ್ತೆ, ಆ ಬಲ ಜಾಸ್ತಿ ಜಾಗಕ್ಕೂ ಹರಡುತ್ತೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳ್ಕೋತೀವಲ್ಲ, ಹಾಗೆ.

ಟಾಪ್ ಕೋಟಿನ ಮೇಲಿನ ಸಣ್ಣ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ತಾವೇ ಮುಚ್ಚಿಕೊಳ್ಳುತ್ತವೆ. ಆದ್ರೆ ಫಿಲ್ಮ್ ಸೀಳಿದ್ರೆ ಮುಚ್ಚಿಕೊಳ್ಳಲ್ಲ. ಇನ್ನೊಂದು ವಿಷಯ, ಸೆರಾಮಿಕ್ ಕೋಟಿಂಗ್ ಬೇರೆ, ಇದು ಬೇರೆ. ಸೆರಾಮಿಕ್ ಪದರ ಕೆಲವೇ ಮೈಕ್ರಾನ್. ನೀರು, ಕೊಳೆ ಜಾರಿಸುತ್ತೆ, ಕಲ್ಲು ತಡೆಯಲ್ಲ.

ಹಳದಿ ಯಾಕಾಯ್ತು?

ನಮಗೆ ಕಮ್ಮಿ ಬೆಲೆಗೆ ಹಾಕಿಕೊಟ್ಟಿದ್ದು ಪಿವಿಸಿ ಫಿಲ್ಮ್ ಅಂತ ಪೇಂಟರ್ ಮುಟ್ಟಿ ನೋಡಿಯೇ ಹೇಳಿದ್ರು. ಪಿವಿಸಿಯನ್ನ ಮೆತ್ತಗೆ ಮಾಡೋಕೆ ಪ್ಲಾಸ್ಟಿಸೈಜರ್ ಬೆರೆಸಿರ್ತಾರೆ. ಬಿಸಿಲಲ್ಲಿ ಅದು ನಿಧಾನವಾಗಿ ಹೊರಗೆ ಹೋಗುತ್ತೆ. ಫಿಲ್ಮ್ ಗಟ್ಟಿಯಾಗುತ್ತೆ, ಕುಗ್ಗುತ್ತೆ, ಹಳದಿಯಾಗುತ್ತೆ. ಟಿಪಿಯುನಲ್ಲೂ ಎರಡು ಜಾತಿ ಇದೆ. ಕೆಮಿಸ್ಟ್ರಿಯಲ್ಲಿ ಓದಿದ ಅರೋಮ್ಯಾಟಿಕ್, ಅಲಿಫ್ಯಾಟಿಕ್ ನೆನಪಿದ್ಯಾ? ಪರೀಕ್ಷೆ ಮುಗಿದ ಮೇಲೆ ಮತ್ತೆ ಬೇಕಾಗಲ್ಲ ಅಂದ್ಕೊಂಡಿದ್ದೆ. ಅರೋಮ್ಯಾಟಿಕ್ ಟಿಪಿಯು ಅಗ್ಗ, ಆದ್ರೆ ಯುವಿ ಬೆಳಕಿಗೆ ಹಳದಿಗೆ ತಿರುಗುತ್ತೆ. ಅಲಿಫ್ಯಾಟಿಕ್ ಅದಕ್ಕಿಂತ ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಪೇಂಟ್ ಯಾಕೆ ಬಂತು?

ನನ್ನ ತಪ್ಪು ಇರೋದು ಇಲ್ಲಿ. ಫಿಲ್ಮ್ ಕೀಳುವಾಗ ನಾವು ಎಳೆಯೋದು ಒಂದು ಅಂಟನ್ನಲ್ಲ. ಫಿಲ್ಮ್ ಮತ್ತು ಕ್ಲಿಯರ್ ಕೋಟ್ ನಡುವೆ ಒಂದು ಹಿಡಿತ, ಕ್ಲಿಯರ್ ಕೋಟ್ ಮತ್ತು ಬಣ್ಣದ ನಡುವೆ ಇನ್ನೊಂದು, ಬಣ್ಣ ಮತ್ತು ಪ್ರೈಮರ್ ನಡುವೆ ಮತ್ತೊಂದು, ಕೊನೆಗೆ ಪ್ರೈಮರ್ ಮತ್ತು ತಗಡು. ಎಳೆದಾಗ ಇದರಲ್ಲಿ ಯಾವುದು ದುರ್ಬಲವೋ ಅದು ಬಿಟ್ಟುಕೊಡುತ್ತೆ. ಕಾರ್ಖಾನೆಯ ಪೇಂಟನ್ನ ಒಲೆಯಲ್ಲಿ ಬೇಯಿಸಿರ್ತಾರೆ, ಅದರ ಹಿಡಿತ ಬಲವಾಗಿರುತ್ತೆ. ಹಾಗಾಗಿ ಅಲ್ಲಿ ಫಿಲ್ಮಿನ ಅಂಟೇ ಮೊದಲು ಬಿಡುತ್ತೆ. ನಮ್ಮ ಬಾನೆಟ್ಟಿಗೆ ಹಿಂದಿನ ಮಾಲೀಕರು ಯಾವಾಗಲೋ ಮತ್ತೆ ಪೇಂಟ್ ಹೊಡೆಸಿದ್ರು. ಅದು ನಮಗೆ ಗೊತ್ತಿರಲಿಲ್ಲ, ಫಿಲ್ಮ್ ಹಾಕಿದವರೂ ಅಳೆದು ನೋಡಲಿಲ್ಲ.

ಅದರ ಮೇಲೆ ನಾನು ತಣ್ಣಗಿದ್ದಾಗ, ಜೋರಾಗಿ, ನೇರ ಮೇಲಕ್ಕೆ ಎಳೆದೆ. ಮೂರೂ ತಪ್ಪು. ಈ ಅಂಟು ಅರ್ಧ ದ್ರವ, ಅರ್ಧ ಘನ ಇದ್ದ ಹಾಗೆ. ತಣ್ಣಗಿದ್ರೆ ಬಿಗಿ, ಬೆಚ್ಚಗಾದ್ರೆ ಸಡಿಲ. ಜೋರಾಗಿ ಎಳೆದಷ್ಟೂ ಬಿಗಿಯಾಗಿ ಹಿಡಿಯುತ್ತೆ, ನಿಧಾನಕ್ಕೆ ಎಳೆದ್ರೆ ಬಿಡುತ್ತೆ. ಹೀಟ್ ಗನ್ನಿನಿಂದ ಹದವಾಗಿ ಬೆಚ್ಚಗೆ ಮಾಡಿ, ಫಿಲ್ಮನ್ನ ಅದರ ಮೇಲೆಯೇ ಹಿಂದಕ್ಕೆ ಮಡಚಿ, ಮೇಲ್ಮೈಗೆ ತಾಗಿದಂತೆ ನಿಧಾನವಾಗಿ ಎಳೀಬೇಕು. ಹಿಗ್ಗದ ಪಟ್ಟಿಗೆ ಸರಳ ಲೆಕ್ಕ ಹಾಕಿದ್ರೆ, ನೇರ ಮೇಲಕ್ಕೆ ಎಳೆಯೋ ಬಲದ ಅರ್ಧದಷ್ಟೇ ಇದಕ್ಕೆ ಸಾಕು. ಬಿಸಿ ಅತಿಯಾದ್ರೆ ಮಾತ್ರ ಅಂಟು ಒಳಗೇ ಹರಿದು, ಅರ್ಧ ಪೇಂಟ್ ಮೇಲೆ ಉಳ್ಕೊಳ್ಳುತ್ತೆ.

ಹಾಕಿಸೋ ಮುಂಚೆ

1. ಪೇಂಟಿನ ದಪ್ಪ ಅಳೆಯೋ ಗೇಜಿನಲ್ಲಿ ಎಲ್ಲಾ ಕಡೆ ಅಳೆಸಿ. ಬೇರೆ ಕಡೆ 120 ಇದ್ದು ಒಂದು ಭಾಗ ಮಾತ್ರ 250 ತೋರಿಸಿದ್ರೆ ಅಲ್ಲಿ ಮತ್ತೆ ಪೇಂಟ್ ಆಗಿರೋ ಸಾಧ್ಯತೆ ಜಾಸ್ತಿ. ಸೆಕೆಂಡ್ ಹ್ಯಾಂಡ್ ಕಾರಿಗೆ ಇದು ಕಡ್ಡಾಯ ಅಂದ್ಕೊಳ್ಳಿ.

2. ಹೊಸದಾಗಿ ಪೇಂಟ್ ಹೊಡೆಸಿದ್ರೆ ಕೆಲವು ವಾರ ಬಿಡಿ. ಒಳಗಿನ ಸಾಲ್ವೆಂಟ್ ಪೂರ್ತಿ ಹೊರಗೆ ಹೋಗಬೇಕು.

3. ಮೇಲ್ಮೈ ಚೆನ್ನಾಗಿ ತೊಳೆದಿರಬೇಕು. ಒಂದು ಮರಳಿನ ಕಣ ಸಿಕ್ಕಿದ್ರೂ ಗುಳ್ಳೆ ಥರ ಕಾಣುತ್ತೆ. ಸೋಪು ನೀರು ಹಾಕಿ ಜಾರಿಸಿ ಕೂರಿಸಿ, ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರು ಹೊರಗೆ ತಳ್ತಾರೆ. ಅಂಚು ಗಟ್ಟಿಯಾಗಿ ಕೂರದಿದ್ರೆ ಧೂಳು ಸೇರಿ ಕಪ್ಪು ಗೆರೆ ಬರುತ್ತೆ.

4. ಇಡೀ ಕಾರಿಗೆ ಹಾಕಿಸಲೇಬೇಕು ಅಂತಿಲ್ಲ. ಏಟು ಬೀಳೋದು ಮುಂದಕ್ಕೆ. ಅದೇ ದುಡ್ಡಲ್ಲಿ ಮುಂಭಾಗಕ್ಕೆ ಒಳ್ಳೆ ಫಿಲ್ಮ್ ಹಾಕಿಸೋದು ಜಾಣತನ.

ಕಿತ್ತ ದಿನವೇ ತಗಡಿಗೆ ತುಕ್ಕು ಹಿಡಿಯದ ಹಾಗೆ ಪ್ರೈಮರ್ ಹಚ್ಚಿದೆವು. ಮುಂದಿನ ವಾರ ಬಾನೆಟ್ ಪೇಂಟ್ ಆಯ್ತು. ಫಿಲ್ಮ್ ತೆಗೆಸೋ ಖರ್ಚು ಉಳಿಸೋಕೆ ಹೋಗಿ ಅದಕ್ಕಿಂತ ಎಷ್ಟೋ ಪಟ್ಟು ಖರ್ಚಾಯ್ತು. ಅಪ್ಪ ಹೊಸ ಫಿಲ್ಮ್ ಹಾಕಿಸೋಣ ಅಂತಿದ್ದಾರೆ. ಆದ್ರೆ ಈ ಸಲ, "ಅಂಗಡಿಗೆ ನೀನೂ ಬಾ, ಏನು ಕೇಳಬೇಕೋ ನೀನೇ ಕೇಳು" ಅಂದಿದ್ದಾರೆ. ಆ ಮಾತಿಗೆ ಖುಷಿಪಡಬೇಕೋ ಹೆದರಬೇಕೋ ಇನ್ನೂ ಗೊತ್ತಾಗಿಲ್ಲ. ಪ್ರಶ್ನೆಗಳ ಪಟ್ಟಿಯಂತೂ ರೆಡಿ ಇದೆ.