ಕೇಳದೆ ಉಳಿದಿದ್ದ ಪ್ರಶ್ನೆಗಳು

ದೂರಶಿಕ್ಷಣದ ವಿದ್ಯಾರ್ಥಿಗಳು ಬಾಯಿಬಿಟ್ಟು ಪ್ರಶ್ನೆ ಕೇಳುವುದಿಲ್ಲ ಎಂಬುದು ಅಧ್ಯಾಪಕರ ಹಳೆಯ ದೂರು. ಬಿ.ಕಾಂ. ಸಂಪರ್ಕ ತರಗತಿಗಳಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವ ನನಗೆ ಅದರ ಇನ್ನೊಂದು ಮುಖ ಕಂಡದ್ದು ಅವರ ಮೊಬೈಲುಗಳಿಗೆ ಚಾಟ್‌ಜಿಪಿಟಿ ಬಂದ ಮೇಲೆ. ಪ್ರಶ್ನೆಗಳು ಬೇಕಾದಷ್ಟಿದ್ದವು, ಕೇಳಲು ಹೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಗಾರ್ಮೆಂಟ್ಸ್ ಕೆಲಸದವರು, ಅಂಗನವಾಡಿ ಕಾರ್ಯಕರ್ತೆಯರು, ಬಸ್ ಕಂಡಕ್ಟರುಗಳು, ಮಕ್ಕಳನ್ನು ಮಲಗಿಸಿದ ಮೇಲೆ ಪುಸ್ತಕ ಬಿಚ್ಚುವ ತಾಯಂದಿರು ನಮ್ಮ ವಿದ್ಯಾರ್ಥಿಗಳು. ಮೈಸೂರಿನಲ್ಲಿ ಅಂಚೆ ಶಿಕ್ಷಣವಿದ್ದ ಕಾಲಕ್ಕೂ, 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂದ ಮೇಲೂ ಇಂಥವರಿಗೆ ರಾತ್ರಿ ಹನ್ನೊಂದಕ್ಕೆ ಏಳುವ ಅನುಮಾನ ಮುಂದಿನ ಸಂಪರ್ಕ ತರಗತಿಯವರೆಗೆ ಕಾಯಬೇಕಿತ್ತು. ಅಷ್ಟರಲ್ಲಿ ಅನುಮಾನವೇ ಮರೆತುಹೋಗುತ್ತಿತ್ತು.

"ಮೇಡಂ, ಒಂದನ್ನೇ ನಾಲ್ಕು ಸಲ ಕೇಳಿದ್ರೂ ಅದು ಬೇಜಾರು ಮಾಡ್ಕೊಳ್ಳಲ್ಲ" ಎಂದಳು ಚಾಟ್‌ಜಿಪಿಟಿ ಬಳಸುವ ಒಬ್ಬ ವಿದ್ಯಾರ್ಥಿನಿ. ಹತ್ತನೇ ತರಗತಿಯಾಗಿ ಎಷ್ಟೋ ವರ್ಷಗಳ ಮೇಲೆ ಓದಿಗೆ ಮರಳಿದವಳು. ತನಗಿಂತ ಚಿಕ್ಕವರ ನಡುವೆ ಎದ್ದುನಿಂತು ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದು ಕೇಳುವ ಸಂಕೋಚ ಏನೆಂದು ಅವಳಿಗೇ ಗೊತ್ತು.

ಆದರೂ ಪರೀಕ್ಷೆ ಹತ್ತಿರವಾದಂತೆ ಅವರು ಮತ್ತೆ ನನ್ನ ಬಳಿಗೇ ಬರುತ್ತಾರೆ. "ಇದು ಹೇಳಿದ ಹಾಗೆ ಬರೆದರೆ ಮಾರ್ಕ್ಸ್ ಬರುತ್ತಾ?" ಕೇಳಬೇಕಾದ ಮಾತೇ. ಒಂದು ಲಕ್ಷ ರೂಪಾಯಿಯ ಯಂತ್ರಕ್ಕೆ ಶೇ. 10ರ ಸವಕಳಿ ಎಂದುಕೊಳ್ಳಿ. ಪ್ರತಿ ವರ್ಷ ಒಂದೇ ಮೊತ್ತ ಕಳೆದರೆ ಎರಡನೇ ವರ್ಷ 10,000 ರೂಪಾಯಿ, ಉಳಿದ ಬೆಲೆಯ ಮೇಲೆ ಕಳೆದರೆ 9,000. ಯಾವ ಪದ್ಧತಿ ಎಂದು ತಿಳಿಸದಿದ್ದರೆ ಎಐ ತನಗೆ ತೋಚಿದ್ದನ್ನು ಹಿಡಿದು, ಅಷ್ಟೇ ಖಚಿತವಾಗಿ ಉತ್ತರ ಕೊಡುತ್ತದೆ. ನಮ್ಮ ಪಠ್ಯ ಕೇಳಿದ್ದು ಇನ್ನೊಂದಾಗಿರಬಹುದು. ಈಗ ನಾನು ತರಗತಿಯಲ್ಲೇ ಅದರ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಪಠ್ಯದ ಪಕ್ಕ ಇಟ್ಟು ನೋಡಿಸುತ್ತೇನೆ. ತಪ್ಪು ಹಿಡಿಯಲು ಕಲಿತವರೇ ಅದನ್ನು ಹೆಚ್ಚು ಬಳಸುತ್ತಿದ್ದಾರೆ, ಹೆಚ್ಚು ನಿರಾಳವಾಗಿ.

2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಪ್ರೊ. ಅಶೋಕ್ ಗೋಯಲ್ ತಮ್ಮ ಆನ್‌ಲೈನ್ ತರಗತಿಗೆ 'ಜಿಲ್ ವಾಟ್ಸನ್' ಎಂಬ ಎಐ ಸಹಾಯಕಿಯನ್ನು ಸೇರಿಸಿದ್ದರು. ಅವಳು ಯಂತ್ರವೆಂದು ವಿದ್ಯಾರ್ಥಿಗಳಿಗೆ ಹೇಳಿದ್ದು ಸೆಮಿಸ್ಟರಿನ ಕೊನೆಗೆ. ಪ್ರಯೋಗವಾಗಿ ಅದು ದೊಡ್ಡದು. ಆದರೆ ನಮ್ಮವರಿಗೆ ಮೊದಲೇ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ತಂತ್ರಜ್ಞಾನವನ್ನು ಜನ ಒಪ್ಪಲು ಅದು ಉಪಯುಕ್ತ, ಸುಲಭ ಅನ್ನಿಸಬೇಕು ಎಂದು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಬರೆದರು. ಸಾಲ ಮಾಡಿ ಶುಲ್ಕ ಕಟ್ಟಿದ ವಿದ್ಯಾರ್ಥಿಗೆ ಅಷ್ಟು ಸಾಲದು. ಉತ್ತರ ತಪ್ಪಾದರೆ ಹೊಣೆ ಯಾರದು ಎಂಬುದೂ ಅವರಿಗೆ ತಿಳಿದಿರಬೇಕು.

ವಿಶ್ವವಿದ್ಯಾನಿಲಯಗಳು ಎಐ ಬೋಧಕನನ್ನು ತರುವುದಾದರೆ ತಮ್ಮ ಪಠ್ಯವನ್ನೇ ಅದಕ್ಕೆ ಆಧಾರವಾಗಿ ಕೊಡಲಿ. ಕನ್ನಡ ಮಾಧ್ಯಮದವರ ಕೈಯಲ್ಲಿ ಮೊದಲು ಪರೀಕ್ಷಿಸಲಿ. ವಿಷಯಕ್ಕೊಬ್ಬ ಅಧ್ಯಾಪಕರ ಫೋನ್ ನಂಬರನ್ನೂ ಅದರ ಜೊತೆಗೇ ಕೊಡಲಿ. ಆ ಪಟ್ಟಿಯಲ್ಲಿ ನನ್ನ ನಂಬರ್ ಸೇರಿಸಲು ನಾನು ಸಿದ್ಧಳಿದ್ದೇನೆ.