ದುಬೈ ಲೆಕ್ಕದಲ್ಲಿ ‘ಜನ’ದ ಬಾಬ್ತು

ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಎಂಬ ಒಂದೇ ಮಾತಿಗೆ ನಮ್ಮ ಕಡೆ ಅರ್ಧ ಲೆಕ್ಕ ಮುಗಿದುಹೋಗುತ್ತದೆ. ನಾನು ಕೆಲಸಕ್ಕೆ ಹೊರಟಾಗ ನಮ್ಮ ಚಿಕ್ಕಪ್ಪ ದಿರ್ಹಮ್ಮನ್ನು ರೂಪಾಯಿಗೆ ಗುಣಿಸಿ, ಮೂರು ವರ್ಷಕ್ಕೆ ಸೈಟು, ಐದು ವರ್ಷಕ್ಕೆ ಮನೆ ಎಂದು ತೀರ್ಪು ಕೊಟ್ಟೇಬಿಟ್ಟಿದ್ದರು. ಗುಣಾಕಾರ ಸರಿಯಾಗೇ ಇತ್ತು. ಕಳೆಯುವ ಲೆಕ್ಕವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಅಲ್ಲಿ ಬಾಡಿಗೆ ಎಂದರೆ ವರ್ಷದ ಬಾಡಿಗೆ. ಮುಂದಿನ ತಾರೀಕು ಹಾಕಿದ ಚೆಕ್‌ಗಳನ್ನು ಒಟ್ಟಿಗೇ ಬರೆದುಕೊಡಬೇಕು; ಚೆಕ್‌ಗಳ ಸಂಖ್ಯೆ ಕಡಿಮೆಯಾದಷ್ಟೂ ಮಾಲೀಕ ಚೌಕಾಸಿಗೆ ಬಗ್ಗುತ್ತಾನೆ. ವರ್ಷಕ್ಕೆ 60,000 ದಿರ್ಹಮ್‌ನ ಮನೆ, ನಾಲ್ಕು ಚೆಕ್ ಎಂದಿಟ್ಟುಕೊಳ್ಳಿ. ಮೊದಲ ಚೆಕ್ 15,000. ಭದ್ರತಾ ಠೇವಣಿ ಶೇ 5, ಅಂದರೆ 3,000. ದಲ್ಲಾಳಿಗೂ ಅಷ್ಟೇ, ಇನ್ನೊಂದು 3,000. ನೀರು-ಕರೆಂಟಿನ ‘ದೇವಾ’ ಠೇವಣಿ 2,000. ಬೀಗದ ಕೈ ಸಿಗುವ ಮೊದಲೇ 23,000 ಕರಗಿತು, ಮನೆಯೊಳಗೆ ಒಂದು ಚಾಪೆಯೂ ಬಂದಿಲ್ಲ. ಮೇಲಿಂದ ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕವನ್ನು ಕಂತು ಮಾಡಿ ತಿಂಗಳ ಕರೆಂಟ್ ಬಿಲ್ಲಿಗೇ ಸೇರಿಸುತ್ತಾರೆ. ಈ ಮನೆಗೆ ತಿಂಗಳಿಗೆ 250. ಇಷ್ಟು ದುಡ್ಡು ಕೈಯಲ್ಲಿದ್ದರೂ ಎಮಿರೇಟ್ಸ್ ಐಡಿ ಬಂದು, ಬ್ಯಾಂಕ್ ಖಾತೆಯಾಗಿ, ಚೆಕ್ ಬುಕ್ ಸಿಗುವ ತನಕ ಸುಮ್ಮನೆ ಕಾಯಬೇಕು.

ಹಾಗಾಗಿ ಹೊಸಬರು ಕರಾಮಾ, ಬರ್ ದುಬೈ, ಅಲ್ ಕುಸೈಸ್ ಕಡೆ ‘ಬೆಡ್ ಸ್ಪೇಸ್’ ಹುಡುಕುತ್ತಾರೆ. ನಾನಿದ್ದದ್ದು ಕರಾಮಾದಲ್ಲಿ. ಕೋಣೆಗೆ ನಾಲ್ಕು ಮಂಚ, ಮಂಚದ ಕೆಳಗೆ ಸೂಟ್‌ಕೇಸು, ಫ್ರಿಜ್ಜಿನಲ್ಲಿ ಒಬ್ಬೊಬ್ಬರ ಹೆಸರು ಅಂಟಿಸಿದ ಮೊಸರಿನ ಡಬ್ಬಿ. ಕೆಳಗಿಳಿದರೆ ಉಡುಪಿ ಊಟ ಸಿಗುತ್ತಿತ್ತು ಎನ್ನುವುದು ದೊಡ್ಡ ಸಮಾಧಾನ. ಹೀಗೆ ಇರುವವರು ಒಂದು ವಿಷಯ ಕೇಳಿಕೊಳ್ಳಿ: ಮಾಲೀಕನ ಒಪ್ಪಿಗೆ ಇಲ್ಲದ ಒಳಬಾಡಿಗೆ ಅಲ್ಲಿ ಕಾನೂನಿಗೆ ವಿರುದ್ಧ. ‘ಇಜಾರಿ’ ಎಂಬ ನೋಂದಾಯಿತ ಬಾಡಿಗೆ ಒಪ್ಪಂದದಲ್ಲಿ ನಿವಾಸಿಗಳ ಪಟ್ಟಿಗೆ ನಿಮ್ಮ ಹೆಸರು ಸೇರಿದೆಯೇ ನೋಡಿ.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಕೋಣೆಯಲ್ಲಿದ್ದ ಒಬ್ಬರು ಆಫೀಸು ಬಿಟ್ಟರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಹೋದರೆ ಖರ್ಚು ಎನ್ನುವವರು. ಅವರ ಮನೆಯಲ್ಲಿ ಅವರದು ಭಾರೀ ಒಳ್ಳೆಯ ಹೆಸರು. ನಾನು ಮಾತ್ರ ನೋಟ್‌ಬುಕ್ಕಿನಲ್ಲಿ ಬಾಡಿಗೆ, ಊಟ, ಮೆಟ್ರೋ, ಊರಿಗೆ ಎಂಬ ಸಾಲುಗಳ ಕೆಳಗೆ ‘ಜನ’ ಎಂದು ಇನ್ನೊಂದು ಸಾಲು ಬರೆದು, ತಿಂಗಳಿಗೆ 400 ದಿರ್ಹಮ್ ಎತ್ತಿಟ್ಟೆ. ಶನಿವಾರದ ಬ್ಯಾಡ್ಮಿಂಟನ್ ಕೋರ್ಟಿನ ಪಾಲು, ಕರಕ್ ಚಹಾ, ಹುಟ್ಟುಹಬ್ಬದ ಚಂದಾ, ರಂಜಾನಿನಲ್ಲಿ ಇಫ್ತಾರಿಗೆ ಕರೆದವರ ಮನೆಗೆ ಒಂದು ಪೆಟ್ಟಿಗೆ ಖರ್ಜೂರ, ಎಲ್ಲವೂ ಆ ಸಾಲಿನಿಂದಲೇ. ಆಫೀಸಿನವರ ಸ್ಟಾರ್ ಹೋಟೆಲ್ ಬ್ರಂಚಿಗೆ ಅಪರೂಪಕ್ಕೆ ಹೋಗುತ್ತಿದ್ದೆ. ಒಂದೇ ಮಧ್ಯಾಹ್ನಕ್ಕೆ ತಿಂಗಳ ಬಾಬ್ತು ಖಾಲಿ. ಬೇಸಿಗೆಯಲ್ಲಿ ಈ ಸಾಲು ಉಬ್ಬುತ್ತದೆ, ಏಕೆಂದರೆ ಮಾಲ್ ಬಿಟ್ಟರೆ ಬೇರೆಡೆ ಸೇರಲು ಸೆಖೆ ಬಿಡುವುದಿಲ್ಲ. ಚಳಿಗಾಲದಲ್ಲಿ ಜಬೀಲ್ ಪಾರ್ಕ್ ಇದೆ, ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ ದೇರಾದ ಸಂತೆ ಸುತ್ತಬಹುದು.

ಇದು ಬರೀ ಮನಸ್ಸಿನ ನೆಮ್ಮದಿಗೆ ಎಂದು ನಾನು ಹೇಳುತ್ತಿಲ್ಲ. ಹಣದ ಲೆಕ್ಕದಲ್ಲೂ ಆ 400 ನನಗೆ ವಾಪಸ್ ಬಂದಿದೆ. ಬ್ಯಾಡ್ಮಿಂಟನ್ ಮುಗಿಸಿ ಚಹಾ ಕುಡಿಯುವಾಗ ಕಾಸರಗೋಡಿನ ಅಕೌಂಟೆಂಟ್ ಒಬ್ಬರು, “ಸಂಬಳ ಎಷ್ಟು ಅಂತ ಹೇಳ್ಬೇಡ, ಬೇಸಿಕ್ ಎಷ್ಟು ಹೇಳು” ಎಂದರು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ: ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಬೇಸಿಕ್. ಒಟ್ಟು ಸಂಬಳ 10,000 ಇದ್ದು ಬೇಸಿಕ್ 4,000 ಆದರೆ ವರ್ಷಕ್ಕೆ 2,800. ಬೇಸಿಕ್ 6,000 ಆದರೆ 4,200. ಮುಂದಿನ ಬಾರಿ ಸಂಬಳದ ಮಾತು ಬಂದಾಗ ನಾನು ಕೇಳಿದ್ದು ಬೇಸಿಕ್ಕನ್ನೇ. ಕೋಣೆ ಬಿಟ್ಟು ಕದಲದಿದ್ದರೆ ಇದನ್ನು ನನಗೆ ಯಾರು ಹೇಳುತ್ತಿದ್ದರು?

2023ರಿಂದ ಕಡ್ಡಾಯವಾಗಿರುವ ನಿರುದ್ಯೋಗ ವಿಮೆಗೂ ಬೇಸಿಕ್ಕೇ ಆಧಾರ. ಕೆಲಸ ಹೋದರೆ ಬೇಸಿಕ್‌ನ ಶೇ 60, ಹೆಚ್ಚೆಂದರೆ ಮೂರು ತಿಂಗಳು. ಅದೂ 12 ತಿಂಗಳು ಕಂತು ಕಟ್ಟಿದ ಮೇಲೆ. ಅಂದರೆ ಮೊದಲ ವರ್ಷ ನಿಮಗೆ ನೀವೇ ದಿಕ್ಕು. ಅದಕ್ಕಾಗಿಯೇ ಮೂರು ತಿಂಗಳ ಖರ್ಚಿನಷ್ಟು ದಿರ್ಹಮ್ ಕೂಡುವ ತನಕ ಊರಿಗೆ ಕಳಿಸುವುದನ್ನು ಕಡಿಮೆಯೇ ಇಟ್ಟೆ. ಫೋನಿನಲ್ಲಿ ಚಿಕ್ಕಪ್ಪನ ದನಿ ಗಡುಸಾಯಿತು. ಆಗಲಿ ಎಂದುಕೊಂಡೆ.

ನೀವೂ ಹೊರಡುವವರಾದರೆ, ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಿಸಿ, ಹೊರಗಿನಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಹೊರಡುವ ಮುನ್ನ ಆಫರ್ ಲೆಟರಿನಲ್ಲಿ ಬೇಸಿಕ್ ಎಷ್ಟೆಂದು ಓದಿ. ವೀಸಾ, ನೇಮಕಾತಿಯ ಖರ್ಚನ್ನು ನಿಮ್ಮಿಂದ ಕೇಳಿದರೆ ಸಹಿ ಹಾಕಬೇಡಿ. ಯುಎಇ ಕಾನೂನಿನ ಪ್ರಕಾರ ಅದನ್ನು ಕಂಪನಿಯೇ ಭರಿಸಬೇಕು.